ಮಳೆಗೊಂದು ದಿನವಹಿ

ಬಂಡವಾಳ, ಬಡ್ಡಿ, ಕೂಲಿ, ಸಾಗಣೆ ವೆಚ್ಚ, ತೆರಿಗೆ ಮುಂತಾದ ಎಲ್ಲಕ್ಕೂ ವರ್ತಕರ ಲೆಕ್ಕಪುಸ್ತಕದಲ್ಲಿ ಒಂದೊಂದು ಖಾತೆ ಇದೆ. ಮಳೆಗೆ ಮಾತ್ರ ಖಾತೆಯಿಲ್ಲ. ಆದರೆ ವರ್ಷದ ಕೊನೆಗೆ ಲಾಭ ಏಕೆ ಇಳಿಯಿತೆಂದು ಕೇಳಿದರೆ, ಗ್ರಾಮಾಂತರ ಪ್ರದೇಶದ ಹತ್ತು ಮಂದಿ ವರ್ತಕರಲ್ಲಿ ಹಲವರು ಕೊಡುವ ಉತ್ತರ ಒಂದೇ: “ಮಳೆ ಕೈಕೊಟ್ಟಿತು” ಅಥವಾ “ಮಳೆ ಕೆಡಿಸಿತು”. ಎಷ್ಟು ಮಳೆ, ಯಾವ ದಿನ, ಯಾವ ಊರಿನಲ್ಲಿ ಎಂಬ ಮುಂದಿನ ಪ್ರಶ್ನೆಗೆ ಉತ್ತರ ದೊರೆಯುವುದು ವಿರಳ. ಲಾಭನಷ್ಟದ ಮೇಲೆ ಇಷ್ಟು ದೊಡ್ಡ ಪ್ರಭಾವ ಬೀರುವ ಅಂಶವೊಂದು ದಾಖಲೆಯೇ ಇಲ್ಲದೆ ಉಳಿದಿರುವುದು ಲೆಕ್ಕಶಾಸ್ತ್ರದ ದೃಷ್ಟಿಯಿಂದ ಸರಿಯಾದ ಕ್ರಮವಲ್ಲ.

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿರುವ ಈ ಊರಿನ ಸುತ್ತಮುತ್ತಲೂ, ನೆರೆಯ ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲೂ ನಡೆಯುವ ಸಣ್ಣ ಉದ್ಯಮಗಳಲ್ಲಿ ಬಹುಪಾಲು ಬಿಸಿಲನ್ನು ನೆಚ್ಚಿಕೊಂಡವು. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಒಣಗಿರಬೇಕು; ಸಿಪ್ಪೆ ನೆನೆದರೆ ಸೌದೆ ಕೊಳ್ಳಬೇಕು, ಇಲ್ಲವೇ ಕೊಪ್ಪರಿಗೆ ಇಳಿಸಬೇಕು. ಗೂಡಿಗೆ ಸೇರದ ಹಸಿ ಇಟ್ಟಿಗೆ ಒಂದು ರಾತ್ರಿಯ ಜಡಿಮಳೆಗೆ ಮತ್ತೆ ಮಣ್ಣಾಗುತ್ತದೆ. ತೇವದ ದಿನಗಳಲ್ಲಿ ರೇಷ್ಮೆಗೂಡಿನಿಂದ ನೂಲು ಸರಿಯಾಗಿ ಬಿಚ್ಚಿಕೊಳ್ಳದ ಕಾರಣ ಬೆಲೆ ಕುಗ್ಗುತ್ತದೆ. ಅಂಗಳದಲ್ಲಿ ಹರಡಿದ ಕೊಬ್ಬರಿ, ಭತ್ತ, ರಾಗಿಯದೂ ಇದೇ ಸ್ಥಿತಿ. ಗೊಬ್ಬರದ ಅಂಗಡಿಯವರಿಗಂತೂ ಹದಮಳೆ ಬಿದ್ದ ಮರುದಿನವೇ ವ್ಯಾಪಾರ ಆರಂಭವಾಗುತ್ತದೆ. ಅದು ಹತ್ತು ದಿನ ತಡವಾದರೆ ಸರಕಿನ ಮೇಲಿನ ಬಡ್ಡಿ ಹತ್ತು ದಿನ ಏರುತ್ತದೆ.

ಒಂದೇ ಪಂಚಾಯತಿ, ಎರಡು ಮಳೆ

ಮಳೆಯ ಮಾಹಿತಿ ನೀಡಲು ಸರ್ಕಾರಿ ವ್ಯವಸ್ಥೆ ಇದ್ದೇ ಇದೆ. ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಕರ್ನಾಟಕದಲ್ಲಿ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭಗೊಂಡ ಸಂಸ್ಥೆ, ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಹೆಚ್ಚುಕಡಿಮೆ ಗ್ರಾಮ ಪಂಚಾಯತಿಗೆ ಒಂದರಂತೆ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಅದು ಸ್ಥಾಪಿಸಿದೆ. ಪ್ರತಿ 15 ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುವ ಇಂತಹ ದಟ್ಟವಾದ ಜಾಲ ದೇಶದ ಬಹುತೇಕ ರಾಜ್ಯಗಳಲ್ಲಿ ಇರಲಿಲ್ಲ. ರಾಷ್ಟ್ರಮಟ್ಟದಲ್ಲಿ ಪಂಚಾಯತಿಗೊಂದು ಮಳೆಮಾಪಕ ಎಂಬ ಯೋಜನೆಗೆ ಕೇಂದ್ರ ಕೃಷಿ ಸಚಿವಾಲಯ ಚಾಲನೆ ನೀಡಿದ್ದು 2023ರಲ್ಲಿ.

ಹೀಗಿರುವಾಗ ಖಾಸಗಿಯವರು ಮಳೆ ಅಳೆಯುವ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಉತ್ತರ ಮಳೆಯ ಸ್ವಭಾವದಲ್ಲಿಯೇ ಇದೆ. ಮಲೆನಾಡಿನಲ್ಲಿ ಜೂನ್, ಜುಲೈ ತಿಂಗಳುಗಳ ಮುಂಗಾರು ಮಳೆ ವಿಶಾಲ ಪ್ರದೇಶದ ಮೇಲೆ ಒಟ್ಟಾಗಿ ಸುರಿಯುತ್ತದೆ. ಮಂಡ್ಯ ಜಿಲ್ಲೆಯಂತಹ ಒಳನಾಡಿನಲ್ಲಿ ಹೆಚ್ಚಿನ ಮಳೆ ಬರುವುದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಅವಧಿಯಲ್ಲಿ, ಅದರಲ್ಲೂ ಬಹುಪಾಲು ಗುಡುಗುಮಳೆಯಾಗಿ. ಗುಡುಗುಮಳೆಯ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ರಸ್ತೆಯ ಒಂದು ಬದಿಯ ಹೊಲ ತೊಯ್ದು, ಇನ್ನೊಂದು ಬದಿಯ ಹೊಲ ಒಣಗಿರುವ ದೃಶ್ಯ ಇಲ್ಲಿನವರಿಗೆ ಹೊಸದಲ್ಲ. ಒಂದು ಗ್ರಾಮ ಪಂಚಾಯತಿಯಲ್ಲಿ ಹಲವು ಹಳ್ಳಿಗಳಿರುತ್ತವೆ. ಮಾಪಕ ಇರುವುದು ಒಂದೇ ಕಡೆ. ಮಾಪಕದ ಮೇಲೆ ಬೀಳದ ಮಳೆ ಸರ್ಕಾರಿ ದಾಖಲೆಯಲ್ಲಿ ಬೀಳದ ಮಳೆಯೇ. ಎಲೆ, ಜೇಡರಬಲೆ ಕಟ್ಟಿಕೊಂಡು ಯಂತ್ರ ಕಡಿಮೆ ತೋರಿಸುವ ಸಂಭವವೂ ಉಂಟು.

ಹವಾಮಾನ ಮುನ್ಸೂಚನೆಯೂ ಸೂಕ್ಷ್ಮವಾಗುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಗ್ರಾಮ ಪಂಚಾಯತಿ ಮಟ್ಟದ ಮುನ್ಸೂಚನೆಗೆ ಚಾಲನೆ ದೊರೆಯಿತು. 2025ರ ಮೇ ತಿಂಗಳಲ್ಲಿ ಆರಂಭವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6 ಕಿಲೋಮೀಟರ್ ಅಂತರದ ಲೆಕ್ಕ ನೀಡುತ್ತದೆ. ಹಿಂದಿನದು 12 ಕಿಲೋಮೀಟರ್. ಆದರೆ ಮುನ್ಸೂಚನೆ ಎಂಬುದು ಆಯವ್ಯಯದ ಅಂದಾಜಿನಂತೆ; ಬಿದ್ದ ಮಳೆ ವಾಸ್ತವದ ಲೆಕ್ಕ. ಇವೆರಡನ್ನೂ ತಾಳೆ ನೋಡಿದಾಗಲೇ ತಮ್ಮ ಊರಿನ ಮಟ್ಟಿಗೆ ಅಂದಾಜನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತಿಳಿಯುವುದು.

ಕಣಜದ ಮುಂದಿನ ಕುಂಡ

ಮಳೆ ಅಳೆಯುವುದು ವಿಜ್ಞಾನಿಗಳಿಗೆ ಮಾತ್ರ ಸೇರಿದ ಕೆಲಸವೆಂಬ ಭಾವನೆ ಇತ್ತೀಚಿನದು. ಕೌಟಿಲ್ಯನ ಅರ್ಥಶಾಸ್ತ್ರವು ಮಳೆ ಅಳೆಯಲು ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಬಾಯಗಲವುಳ್ಳ ಕುಂಡವನ್ನು ಇಡಬೇಕೆಂದು ಹೇಳುತ್ತದೆ. ಅದನ್ನು ಇಡಬೇಕಾದ ಸ್ಥಳ ದೇವಾಲಯವೂ ಅಲ್ಲ, ಅರಮನೆಯೂ ಅಲ್ಲ; ಕೋಷ್ಠಾಗಾರ, ಎಂದರೆ ದವಸದ ಉಗ್ರಾಣ. ದಾಸ್ತಾನಿನ ಲೆಕ್ಕವನ್ನೂ ಮಳೆಯ ಲೆಕ್ಕವನ್ನೂ ಒಂದೇ ಅಧಿಕಾರಿ ನೋಡಿಕೊಳ್ಳಬೇಕೆಂಬ ಈ ಏರ್ಪಾಟು ಇಂದಿನ ವರ್ತಕರೂ ಗಮನಿಸತಕ್ಕದ್ದು.

ಮೈಸೂರು ಸಂಸ್ಥಾನದಲ್ಲಿ 19ನೆಯ ಶತಮಾನದ ಕೊನೆಯ ದಶಕದಲ್ಲಿ, ಬೆಂಗಳೂರು ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಸಂಸ್ಥಾನದ ಮಳೆ ದಾಖಲೆಯ ವರದಿಗಳು ಪ್ರಕಟವಾಗುತ್ತಿದ್ದವು. ಬ್ರಿಟನ್ನಿನಲ್ಲಿ ಜಾರ್ಜ್ ಜೇಮ್ಸ್ ಸೈಮನ್ಸ್ ಎಂಬುವರು 1860ರಲ್ಲಿ 168 ಕೇಂದ್ರಗಳ ಮಳೆ ಲೆಕ್ಕದಿಂದ ಪ್ರಾರಂಭಿಸಿ, 1900ರಲ್ಲಿ ತೀರಿಕೊಳ್ಳುವ ವೇಳೆಗೆ 3,000ಕ್ಕೂ ಹೆಚ್ಚು ಸ್ವಯಂಪ್ರೇರಿತ ವೀಕ್ಷಕರ ಜಾಲವನ್ನು ಕಟ್ಟಿದ್ದರು. ಪತ್ರ ವ್ಯವಹಾರ ಅವರ ಮುಖ್ಯ ಸಾಧನಗಳಲ್ಲಿ ಒಂದಾಗಿತ್ತು.

ಅಮೆರಿಕದ ಅನುಭವ ಇನ್ನಷ್ಟು ಸ್ಪಷ್ಟವಾದದ್ದು. 1997ರ ಜುಲೈ 28ರಂದು ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ನಗರದಲ್ಲಿ ಹಠಾತ್ ಪ್ರವಾಹ ಬಂದು ಐವರು ಮೃತಪಟ್ಟರು. ನಗರದ ಒಂದು ಅಂಚಿನಲ್ಲಿ ಹದಿನಾಲ್ಕು ಇಂಚಿಗೂ ಹೆಚ್ಚು ಮಳೆ ಸುರಿದಿದ್ದರೆ, ಇನ್ನೊಂದು ಭಾಗದಲ್ಲಿ ಬಿದ್ದದ್ದು ಅದರ ಸಣ್ಣ ಅಂಶ ಮಾತ್ರ. ಇದು ತಿಳಿದುಬಂದದ್ದು ನಾಗರಿಕರ ಅಂಗಳದ ಅಳತೆಗಳನ್ನು ಪ್ರವಾಹದ ನಂತರ ಒಟ್ಟುಗೂಡಿಸಿದಾಗ. ಮರುವರ್ಷ, 1998ರಲ್ಲಿ, ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯ ನೋಲನ್ ಡೋಸ್ಕನ್ ಅವರ ನೇತೃತ್ವದಲ್ಲಿ ‘ಕೊಕೊರಾಸ್’ ಎಂಬ ಹವ್ಯಾಸಿ ಮಳೆ ವೀಕ್ಷಕರ ಜಾಲ ಹುಟ್ಟಿಕೊಂಡಿತು. ಅದು ಇಂದು ಅಮೆರಿಕದ 50 ರಾಜ್ಯಗಳಿಗೂ ಹರಡಿದೆ. ಅದರ ಮುಖ್ಯ ನಿಯಮಗಳಲ್ಲಿ ಒಂದು: ಮಳೆ ಬಾರದ ದಿನ ಸೊನ್ನೆಯನ್ನೂ ವರದಿ ಮಾಡಬೇಕು. ಏಕೆಂದರೆ ಖಾಲಿ ಬಿಟ್ಟ ಸಾಲು ಮಳೆ ಬಾರದ್ದನ್ನು ಹೇಳುತ್ತದೆಯೋ, ಅಳೆಯುವವರು ಮರೆತದ್ದನ್ನು ಹೇಳುತ್ತದೆಯೋ ಎಂಬುದು ಯಾರಿಗೂ ತಿಳಿಯದು.

ಬಾಳಿಲ ಮತ್ತು ಕಾಫಿ ತೋಟಗಳು

ಇಂತಹ ಉದಾಹರಣೆಗೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನ ಬಾಳಿಲದ ಕೃಷಿಕ ಪಿ.ಜಿ.ಎಸ್.ಎನ್. ಪ್ರಸಾದ್ ಅವರು 1976ರಿಂದ ತಮ್ಮ ಮನೆಯಂಗಳದ ಮಳೆಯನ್ನು ಅಳೆದು ಬರೆದಿಡುತ್ತ ಬಂದದ್ದು ಕರಾವಳಿಯಲ್ಲಿ ಎಲ್ಲರಿಗೂ ಪರಿಚಿತ. ಒಬ್ಬರ ಈ ಶಿಸ್ತು ಹಲವರಿಗೆ ಮಾದರಿಯಾಯಿತು. ಮೊಬೈಲ್ ಸಂದೇಶಗಳ ಸೌಲಭ್ಯ ಬಂದ ನಂತರ, ಆ ಭಾಗದ ಅಡಿಕೆ ಕೃಷಿಕರು ಬೆಳಿಗ್ಗೆ ತಮ್ಮ ತಮ್ಮ ತೋಟದ ಮಳೆಯ ಪ್ರಮಾಣವನ್ನು ಪರಸ್ಪರ ತಿಳಿಸುವ ರೂಢಿ ಬೆಳೆಸಿಕೊಂಡರು. ಇದರ ಹಿಂದೆ ಕುತೂಹಲದ ಜೊತೆಗೆ ವ್ಯವಹಾರವೂ ಇದೆ. ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸಬೇಕಾದರೆ ಮಳೆಯ ಬಿಡುವು ಬೇಕು. ಅಂಗಳದಲ್ಲಿ ಹರಡಿದ ಅಡಿಕೆ ಅಕಾಲ ಮಳೆಗೆ ಸಿಕ್ಕರೆ ದರ್ಜೆ ಇಳಿಯುತ್ತದೆ. ಅಲ್ಲದೆ ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದ್ದು, ಪರಿಹಾರ ನಿಗದಿಯಾಗುವುದು ಪಂಚಾಯತಿಯ ಮಳೆಮಾಪಕದ ಅಂಕಿಗಳ ಮೇಲೆ. ಸ್ವಂತ ಅಳತೆ ಇರುವವರು ಆ ಅಂಕಿಗಳನ್ನು ತಾಳೆ ನೋಡಬಲ್ಲರು. ಇಲ್ಲದವರು ಬಂದದ್ದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಈ ಪದ್ಧತಿ ತಲೆಮಾರುಗಳಷ್ಟು ಹಳೆಯದು. ಬೇಸಿಗೆಯ ಹೂಮಳೆ ಎಂದು ಬಂತು, ಎಷ್ಟು ಬಂತು ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿರುವುದರಿಂದ, ತೋಟದ ಕಚೇರಿಯಲ್ಲಿ ಹಾಜರಿ ಪುಸ್ತಕದ ಪಕ್ಕದಲ್ಲೇ ಮಳೆ ಪುಸ್ತಕವಿರುತ್ತದೆ. ಇಂಚು ಮತ್ತು ಸೆಂಟ್‌ಗಳಲ್ಲಿ ಬರೆಯುವ ಹಳೆಯ ರೂಢಿ ಇನ್ನೂ ಕೆಲವೆಡೆ ಉಳಿದಿದೆ. ನೂರು ಸೆಂಟ್ ಎಂದರೆ ಒಂದು ಇಂಚು, ಎಂದರೆ 25.4 ಮಿಲಿಮೀಟರ್.

ಈ ಮಲೆನಾಡಿನ ಪುಸ್ತಕಗಳಿಗೂ ಸಿಂಧಘಟ್ಟದ ಸೀಮೆಗೂ ನೇರ ಸಂಬಂಧವಿದೆ. ಹೇಮಾವತಿ ನದಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬಳಿ. ಗೊರೂರು ಅಣೆಕಟ್ಟಿನ ನಾಲೆಗಳ ನೀರು ಕೃಷ್ಣರಾಜಪೇಟೆ ತಾಲ್ಲೂಕನ್ನು ತಲುಪುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣಗಳಿಗೆ ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆಯ ಆಸರೆಯಿದೆ. 2025ರ ಜೂನ್ ತಿಂಗಳಲ್ಲಿಯೇ ಈ ಜಲಾಶಯ 124.80 ಅಡಿಯ ಪೂರ್ಣಮಟ್ಟ ಮುಟ್ಟಿದ್ದು ಅದರ ಇತಿಹಾಸದಲ್ಲಿ ಮೊದಲ ಬಾರಿ. ಆ ನೀರು ಬಂದದ್ದು ಕೊಡಗಿನ ಮತ್ತು ಮಲೆನಾಡಿನ ಮಳೆಯಿಂದ. ಮಂಡ್ಯದ ಖುಷ್ಕಿ ಹೊಲದ ರಾಗಿಗೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಈ ಸೀಮೆಯ ವರ್ತಕರು ಎರಡು ಮಳೆಗಳ ಲೆಕ್ಕ ಇಡಬೇಕು. ಮಲೆನಾಡಿನ ಮಳೆ ಕಬ್ಬು, ಭತ್ತದ ವ್ಯಾಪಾರವನ್ನು ಹೇಳುತ್ತದೆ; ಊರಿನ ಮಳೆ ರಾಗಿ, ಹುರುಳಿ, ತೆಂಗು ಮತ್ತು ಅಂಗಳದ ಸರಕನ್ನು ಹೇಳುತ್ತದೆ. ಮೊದಲನೆಯದನ್ನು ಹಂಚಿಕೊಳ್ಳುವ ಬಳಗದಿಂದ ಪಡೆಯಬೇಕು, ಎರಡನೆಯದನ್ನು ತಾವೇ ಅಳೆದು ಬಳಗಕ್ಕೆ ಕೊಡಬೇಕು.

ಅಳೆಯುವ ಕ್ರಮ

ಮಳೆ ಅಳೆಯಲು ದುಬಾರಿ ಉಪಕರಣ ಬೇಕಾಗಿಲ್ಲ. ಕೆಲವು ನೂರು ರೂಪಾಯಿಗಳಲ್ಲಿ ಸಾಧಾರಣ ಮಳೆಮಾಪಕ ದೊರೆಯುತ್ತದೆ. 16 ಸೆಂಟಿಮೀಟರ್ ಬಾಯಗಲದ ಆಲಿಕೆಯನ್ನು ಒಂದು ಕ್ಯಾನಿಗೆ ಜೋಡಿಸಿದರೂ ಸಾಕು. ಆ ಆಲಿಕೆಯ ಬಾಯಿಯ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್; ಸಂಗ್ರಹವಾದ ಪ್ರತಿ 20 ಮಿಲಿಲೀಟರ್ ನೀರು ಒಂದು ಮಿಲಿಮೀಟರ್ ಮಳೆಗೆ ಸಮ. ಔಷಧಿ ಅಂಗಡಿಯಲ್ಲಿ ದೊರೆಯುವ ಅಳತೆಯ ಲೋಟದಿಂದ ನೀರನ್ನು ಅಳೆಯಬಹುದು.

ಉಪಕರಣಕ್ಕಿಂತ ಮುಖ್ಯವಾದದ್ದು ನಿಯಮ. ಮಾಪಕವನ್ನು ಬಯಲಿನಲ್ಲಿ ಇಡಬೇಕು. ಹತ್ತಿರದ ಗೋಡೆ ಅಥವಾ ಮರದ ಎತ್ತರದ ಎರಡರಷ್ಟಾದರೂ ದೂರವಿರುವುದು ಕ್ಷೇಮ. ತಾರಸಿಯ ಮೇಲೆ ಗಾಳಿಯ ಹೊಡೆತದಿಂದ ಅಳತೆ ಕಡಿಮೆ ಬರುತ್ತದೆ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆಯಬೇಕು, ಹವಾಮಾನ ಇಲಾಖೆಯ ದೈನಿಕ ಲೆಕ್ಕದ ಸಮಯವೂ ಅದೇ. ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆಯನ್ನು ಅಳೆದ ದಿನದ ತಾರೀಖಿಗೆ ಬರೆಯಬೇಕು. ಕೆಲವರು ಹಿಂದಿನ ದಿನಕ್ಕೂ ಕೆಲವರು ಇಂದಿನ ದಿನಕ್ಕೂ ಬರೆದರೆ, ಮಾರ್ಚ್ 31ರ ಸರಕುಪಟ್ಟಿಯನ್ನು ಏಪ್ರಿಲ್ 1ಕ್ಕೆ ನಮೂದಿಸಿದಂತೆ, ಇಡೀ ತಾಳೆಪಟ್ಟಿಯೇ ಕೆಡುತ್ತದೆ. ನೆನಪಿನಿಂದ ವಾರಕ್ಕೊಮ್ಮೆ ಬರೆಯುವುದು, ಹತ್ತು, ಇಪ್ಪತ್ತು ಎಂದು ದುಂಡು ಅಂಕಿಗಳಿಗೆ ಇಳಿಸುವುದು ಕೂಡದು. ಅಳೆಯಲು ಆಗದ ದಿನ “ಅಳೆದಿಲ್ಲ” ಎಂದೇ ಬರೆಯಬೇಕು. ಅಲ್ಲಿ ಸೊನ್ನೆ ಹಾಕುವುದು ಸುಳ್ಳು ನಮೂದಾಗುತ್ತದೆ.

ಬಳಗವಾಗಿ ಅಳೆಯುವುದರ ಲಾಭ ಇಲ್ಲಿಯೇ ಕಾಣುತ್ತದೆ. ಸುತ್ತಲಿನ ಐದು ಊರುಗಳಲ್ಲಿ 18, 22, 20, 25, 19 ಮಿಲಿಮೀಟರ್ ಬಂದಿದ್ದು, ಆರನೆಯ ಊರಿನಿಂದ 190 ಎಂದು ಬಂದರೆ ದಶಾಂಶ ಬಿಂದು ಬಿಟ್ಟುಹೋಗಿರುವ ಸಾಧ್ಯತೆಯನ್ನು ಅಂದೇ ವಿಚಾರಿಸಬಹುದು. ಒಬ್ಬರ ಪುಸ್ತಕಕ್ಕೆ ನೆರೆಯವರ ಪುಸ್ತಕವೇ ಲೆಕ್ಕಪರಿಶೋಧಕ.

ಸಂಖ್ಯೆಯಿಂದ ರೂಪಾಯಿಗೆ

ಮಿಲಿಮೀಟರ್ ಎಂಬುದು ವರ್ತಕರಿಗೆ ಅಪರಿಚಿತ ಮಾನವೆನಿಸಬಹುದು. ಆದರೆ ಲೆಕ್ಕ ಸರಳ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 25 ಮಿಲಿಮೀಟರ್ ಮಳೆಯಲ್ಲಿ ಒಂದು ಎಕರೆಗೆ ಬೀಳುವ ನೀರು ಸುಮಾರು ಒಂದು ಲಕ್ಷ ಲೀಟರ್. ಹವಾಮಾನ ಇಲಾಖೆ ದಿನಕ್ಕೆ 64.5 ಮಿಲಿಮೀಟರ್‌ನಿಂದ 115.5ರವರೆಗಿನ ಮಳೆಯನ್ನು ಭಾರಿ ಮಳೆ ಎನ್ನುತ್ತದೆ. 65 ಮಿಲಿಮೀಟರ್ ಮಳೆ 5,000 ಚದರ ಅಡಿಯ ಗೋದಾಮಿನ ಚಾವಣಿಯ ಮೇಲೆ ಸುರಿಸುವ ನೀರು ಸುಮಾರು 30,000 ಲೀಟರ್. ಅಷ್ಟನ್ನು ಹೊರಹಾಕುವ ಕೊಳವೆ, ಚರಂಡಿ ಇಲ್ಲದಿದ್ದರೆ ನೀರು ಹೋಗುವುದು ಸರಕಿನ ಕಡೆಗೆ. ಊರಿನಲ್ಲಿ ಇಂತಹ ಮಳೆ ವರ್ಷಕ್ಕೆ ಎಷ್ಟು ಬಾರಿ ಬರುತ್ತದೆ ಎಂಬ ಸ್ಥಳೀಯ ದಾಖಲೆ ಇದ್ದರೆ, ನೆಲದಿಂದ ಎಷ್ಟು ಎತ್ತರಕ್ಕೆ ಹಲಗೆ ಹಾಕಬೇಕು, ಚಾವಣಿ ರಿಪೇರಿಗೆ ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಊಹೆಯಿಂದಲ್ಲದೆ ಲೆಕ್ಕದಿಂದ ನಿರ್ಧರಿಸಬಹುದು.

ವಿಮೆಯ ವಿಷಯದಲ್ಲಿ ದಾಖಲೆಯ ಬೆಲೆ ಇನ್ನೂ ಹೆಚ್ಚು. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗಾಗಿ ಎರಡು ಪಾಲಿಸಿಗಳು ಜಾರಿಗೆ ಬಂದಿವೆ: ಒಂದು ಸ್ಥಳದಲ್ಲಿರುವ ಆಸ್ತಿಯ ಮೌಲ್ಯ ರೂ. 5 ಕೋಟಿಯವರೆಗೆ ಇರುವವರಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ರೂ. 5 ಕೋಟಿಗೆ ಮೇಲ್ಪಟ್ಟು 50 ಕೋಟಿಯವರೆಗಿನವರಿಗೆ ಭಾರತ್ ಲಘು ಉದ್ಯಮ ಸುರಕ್ಷಾ. ಬೆಂಕಿಯೊಂದಿಗೆ ಬಿರುಗಾಳಿ, ಪ್ರವಾಹ, ಜಲಾವೃತದಿಂದಾಗುವ ಹಾನಿಗೂ ಇವುಗಳಲ್ಲಿ ರಕ್ಷಣೆ ಇದೆ. ಆದರೆ ಹಳೆಯ ಚಾವಣಿ ಸೋರಿ ನೆನೆದ ಸರಕಿಗೂ ಪ್ರವಾಹಕ್ಕೆ ಸಿಕ್ಕ ಸರಕಿಗೂ ವ್ಯತ್ಯಾಸವುಂಟು. ಹಾನಿಯ ಕಾರಣವೇನು, ಅದು ಯಾವ ದಿನ ಸಂಭವಿಸಿತು ಎಂಬುದೇ ಸರ್ವೇಯರ್ ಕೇಳುವ ಮೊದಲ ಪ್ರಶ್ನೆ. ಆ ರಾತ್ರಿಯ ಮಳೆಯ ಪ್ರಮಾಣ, ನೀರು ನುಗ್ಗಿದ ಹೊತ್ತು, ಅಂದಿನ ದಾಸ್ತಾನು ಪುಸ್ತಕ, ತಾರೀಖು ಸಹಿತ ಛಾಯಾಚಿತ್ರ ಇವಿಷ್ಟೂ ಒಂದಕ್ಕೊಂದು ಹೊಂದಿದರೆ ಕ್ಲೇಮು ಗಟ್ಟಿಯಾಗುತ್ತದೆ.

ತೆರಿಗೆಯ ಪರಿಣಾಮವನ್ನೂ ಮರೆಯಲಾಗದು. ನಾಶವಾದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ಜಿ.ಎಸ್.ಟಿ. ಕಾಯಿದೆಯ ಕಲಂ 17(5)(ಎಚ್) ಪ್ರಕಾರ ಹಿಂದಿರುಗಿಸಬೇಕಾಗುತ್ತದೆ. ಉದಾಹರಣೆಗೆ, ಅಂಗಡಿಯೊಂದರಲ್ಲಿ 200 ಚೀಲ ಸಿಮೆಂಟು ನೀರಿಗೆ ಸಿಕ್ಕಿ ಗಟ್ಟಿಯಾಯಿತೆಂದು ಭಾವಿಸೋಣ. ತೆರಿಗೆ ಹೊರತು ಚೀಲಕ್ಕೆ ರೂ. 320ರಂತೆ ಸರಕಿನ ಬೆಲೆ ರೂ. 64,000. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ತೆರಿಗೆ ಶೇ. 18. ಹಿಂದಿರುಗಿಸಬೇಕಾದ ಜಮೆ ರೂ. 11,520. ಹೀಗೆ ನಿಜವಾದ ನಷ್ಟ ರೂ. 75,520. ವಿಮಾ ಮೊತ್ತ ನಿಗದಿಪಡಿಸುವಾಗಲೇ ಈ ವ್ಯತ್ಯಾಸವನ್ನು ಗಮನಿಸುವುದು ಒಳಿತು. ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ಪಟ್ಟಿಯಿಂದಲೂ ಕೆಟ್ಟ ಸರಕನ್ನು ತೆಗೆಯಬೇಕು.

ವರ್ತಕರ ಗಿರಾಕಿಗಳಾದ ರೈತರಿಗೂ ಈ ದಿನವಹಿ ಉಪಯುಕ್ತ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಂತಹ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ಯಾವ ಹಳ್ಳಿಯಲ್ಲಿ ಯಾವ ಸಂಜೆ ಏನಾಯಿತೆಂಬ ಮಾಹಿತಿ ಬೆಳಿಗ್ಗೆಯೇ ಬಳಗದಲ್ಲಿ ಹರಿದಾಡಿದರೆ ಆ ಗಡುವು ತಪ್ಪುವುದಿಲ್ಲ. ರೈತನ ಕೈಗೆ ಪರಿಹಾರ ಬಂದರೆ ಗೊಬ್ಬರದ ಅಂಗಡಿಯ ಉದ್ರಿಯೂ ವಸೂಲಾಗುತ್ತದೆ.

ಮಿತಿಗಳು

ಖಾಸಗಿ ಅಳತೆ ಸರ್ಕಾರಿ ಅಳತೆಗೆ ಬದಲಿಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಹವಾಮಾನ ಆಧಾರಿತ ವಿಮೆಯ ಪರಿಹಾರ ನಿಗದಿಯಾಗುವುದು ಅಧಿಸೂಚಿತ ಕೇಂದ್ರದ ಅಂಕಿಗಳ ಮೇಲೆಯೇ. ಅಂಗಳದ ಆಲಿಕೆಯ ಲೆಕ್ಕ ಅದನ್ನು ತಳ್ಳಿಹಾಕಲಾರದು. ಸಾಕ್ಷ್ಯ ಕಾನೂನು ಲೆಕ್ಕಪುಸ್ತಕದ ಬಗ್ಗೆ ಹೇಳುವ ಮಾತನ್ನು ಇಲ್ಲಿಯೂ ನೆನೆಯಬಹುದು: ವ್ಯವಹಾರದ ಕ್ರಮದಲ್ಲಿ ನಿಯತವಾಗಿ ಇಟ್ಟ ಪುಸ್ತಕದ ನಮೂದಿಗೆ ಬೆಲೆಯುಂಟು, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು. ಹತ್ತು ವರ್ಷ ತಪ್ಪದೆ ಬರೆದ ಪುಸ್ತಕ, ಅದರೊಂದಿಗೆ ಹೊಂದುವ ನೆರೆಯ ನಾಲ್ಕು ಪುಸ್ತಕಗಳು ಇದ್ದರೆ, ಪಂಚಾಯತಿಯ ಮಾಪಕ ಕೆಟ್ಟಿದೆ, ಪರಿಶೀಲಿಸಿ ಎಂದು ಕೇಳಲು ಆಧಾರ ದೊರೆಯುತ್ತದೆ. ಹಾನಿಯಾದ ಮೇಲೆ ಹುಟ್ಟಿಕೊಂಡ ಪುಸ್ತಕವನ್ನು ಯಾರೂ ನಂಬರು. ಲಾಭಕ್ಕಾಗಿ ಒಮ್ಮೆ ಅಂಕಿ ತಿದ್ದಿದರೆ ಇಡೀ ಬಳಗದ ವಿಶ್ವಾಸಾರ್ಹತೆಯೇ ಹೋಗುತ್ತದೆ.

ಒಂದೆರಡು ವರ್ಷಗಳ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರುವುದೂ ತರವಲ್ಲ. 2022ರಲ್ಲಿ ದಕ್ಷಿಣ ಒಳನಾಡು ಅತಿವೃಷ್ಟಿಯಿಂದ ಬಳಲಿತು. ಆ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಜಲಾವೃತವಾಗಿತ್ತು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಈ ಎರಡು ವರ್ಷಗಳ ಸರಾಸರಿ ತೆಗೆದರೆ ಎಲ್ಲವೂ ಸರಿಯಿತ್ತೆಂದೇ ತೋರುತ್ತದೆ! ಸರಾಸರಿಯಲ್ಲಿ ಮುಳುಗಿದ ಗೋದಾಮೂ ಕಾಣುವುದಿಲ್ಲ, ಒಣಗಿದ ಹೊಲವೂ ಕಾಣುವುದಿಲ್ಲ. ಆದುದರಿಂದಲೇ ದಿನದ ನಮೂದು ಮುಖ್ಯವಾಗುತ್ತದೆ.

ಆರಂಭಕ್ಕೆ ಸಕಾಲ

ವರ್ತಕ ಸಮುದಾಯಕ್ಕೆ ಈ ಕೆಲಸ ಹೊರೆಯಲ್ಲ. ದಿನವೂ ಅಂಗಡಿ ತೆರೆಯುವುದು, ದಿನವಹಿ ಬರೆಯುವುದು, ನಗದು ತಾಳೆ ನೋಡುವುದು ಅವರಿಗೆ ರೂಢಿ. ಆರ್ಥಿಕ ವರ್ಷ ಏಪ್ರಿಲ್ 1ರಂದು ಆರಂಭವಾದರೆ, ಮಳೆ ನಕ್ಷತ್ರಗಳ ವರ್ಷ ಏಪ್ರಿಲ್ ಮಧ್ಯಭಾಗದಲ್ಲಿ ಅಶ್ವಿನಿಯಿಂದ ಆರಂಭವಾಗುತ್ತದೆ. ಎರಡು ಪುಸ್ತಕಗಳನ್ನೂ ಜೊತೆಯಾಗಿ ತೆರೆಯಬಹುದು. ತಿಂಗಳ ಮೊತ್ತದ ಜೊತೆಗೆ ಭರಣಿ, ಕೃತ್ತಿಕಾ, ಆರಿದ್ರಾ, ಹಸ್ತಾ, ಚಿತ್ತಾ ಎಂದು ಹದಿಮೂರು, ಹದಿನಾಲ್ಕು ದಿನಗಳ ನಕ್ಷತ್ರವಾರು ಮೊತ್ತವನ್ನೂ ತೆಗೆದರೆ, ಹಿರಿಯರ ಅನುಭವದ ಮಾತುಗಳನ್ನು ಅಂಕಿಗಳೊಂದಿಗೆ ಹೋಲಿಸಲು ಅನುಕೂಲ. ಪಕ್ಕದ ಅಂಕಣದಲ್ಲಿ ಅಂದಿನ ವಹಿವಾಟು, ಬೆಲ್ಲದ ಆವಕ ಅಥವಾ ನಿಂತ ಕೆಲಸದ ದಿನಗಳನ್ನು ಬರೆದರೆ, ಮೂರ್ನಾಲ್ಕು ವರ್ಷಗಳಲ್ಲಿ ಮಳೆಗೂ ವ್ಯಾಪಾರಕ್ಕೂ ಇರುವ ಸಂಬಂಧ ಆಯಾ ಅಂಗಡಿಯ ಮಟ್ಟಿಗೆ ಸ್ಪಷ್ಟವಾಗುತ್ತದೆ.

ಸಿಂಧಘಟ್ಟದಲ್ಲಿ ಒಂದು ಆಲೆಮನೆ, ಪಕ್ಕದ ಹಳ್ಳಿಯಲ್ಲಿ ಒಂದು ಗೊಬ್ಬರದ ಅಂಗಡಿ, ಪೇಟೆಯಲ್ಲಿ ಒಂದು ಅಕ್ಕಿ ಗಿರಣಿ, ನಾಗಮಂಗಲದ ದಾರಿಯಲ್ಲಿ ಒಂದು ಇಟ್ಟಿಗೆಗೂಡು ಎಂದು ಹತ್ತು ಕಡೆ ಹತ್ತು ಆಲಿಕೆಗಳಿದ್ದರೆ ಸಾಕು. ಬೆಳಿಗ್ಗೆ ಒಂಬತ್ತರೊಳಗೆ ಇಡೀ ಸೀಮೆಯ ಮಳೆಯ ಲೆಕ್ಕ ಎಲ್ಲರ ಕೈಯಲ್ಲಿರುತ್ತದೆ. ಮಳೆಯನ್ನು ತರಿಸುವುದಾಗಲಿ ತಡೆಯುವುದಾಗಲಿ ಮನುಷ್ಯನ ವಶದಲ್ಲಿಲ್ಲ. ಬಂದದ್ದನ್ನು ಬಂದಷ್ಟೇ ಬರೆದು, ಬಾರದ ದಿನ ಸೊನ್ನೆ ಹಾಕಿ, ನೆರೆಯವರಿಗೆ ತಿಳಿಸುವುದು ಮಾತ್ರ ಖಂಡಿತ ವಶದಲ್ಲಿದೆ.